ಮರ್ಡೀನಾ ಕೈ ಎತ್ತಿದ್ದು

ನಮ್ಮ ಟಾರ್ವೆ ದ್ವೀಪದಿಂದ ಎಡಿನ್‌ಬರೋ ಪಾರ್ಲಿಮೆಂಟಿಗೆ ಹೋದವಳು ಒಬ್ಬಳೇ, ಮರ್ಡೀನಾ ಮೆಕಾಸ್ಕಿಲ್. ಅವಳು ಹೊರಟ ದಿನ ಬೀಳ್ಕೊಡಲು ಹಡಗುಕಟ್ಟೆಗೆ ಯಾರೂ ಬರಲಿಲ್ಲ. ನಾನಿದ್ದೆ. ಆದರೆ ಹಡಗಿನ ಹಗ್ಗ ಬಿಚ್ಚುವುದು ನನ್ನ ಕೆಲಸ, ಅದಕ್ಕೆ ಇದ್ದೆ.

ಅವಳು ರಾಜಕೀಯಕ್ಕೆ ಬಂದದ್ದೇ ಆ ಕಟ್ಟೆಯ ದೆಸೆಯಿಂದ. ಆಗ ಅವಳು ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದಳು. ಒಂದು ಚಳಿಗಾಲ ಬಿರುಗಾಳಿಗೆ ಕಟ್ಟೆಯ ಅರ್ಧ ಕಿತ್ತುಹೋಯಿತು. ಹಡಗು ದಡಕ್ಕೆ ಬರುವಂತಿಲ್ಲ, ಕುರಿಗಳನ್ನು ಮಾರಲು ಸಾಗಿಸುವಂತಿಲ್ಲ. ಕೌನ್ಸಿಲ್‌ನವರು ನೋಡೋಣ ನೋಡೋಣ ಎಂದು ಕಾಲ ತಳ್ಳಿದರು. ಮರ್ಡೀನಾ ಮೀನುದೋಣಿ ಹತ್ತಿ ಆಚೆ ದಡಕ್ಕೆ ಹೋಗಿ, ಕೌನ್ಸಿಲ್ ಅಧ್ಯಕ್ಷರ ಕೋಣೆಯ ಹೊರಗೆ ಹೆಣಿಗೆ ಹಿಡಿದು ಕೂತಳು. ಅವರು ಊಟಕ್ಕೆ ಎದ್ದು ಹೋದಾಗಲೂ ಕೂತಿದ್ದಳು, ತಿರುಗಿ ಬಂದಾಗಲೂ ಕೂತಿದ್ದಳು. ಸ್ವೆಟರಿನ ತೋಳೊಂದು ಮುಗಿಯುವ ಹೊತ್ತಿಗೆ ಒಳಗೆ ಕರೆದರಂತೆ. ಕಟ್ಟೆ ಎದ್ದಿತು. ಮುಂದಿನ ಚುನಾವಣೆಯಲ್ಲಿ ನಾವೆಲ್ಲ ಸೇರಿ ಅವಳನ್ನು ಕೌನ್ಸಿಲಿಗೆ ಕಳಿಸಿದೆವು, ಆಮೇಲೂ ಕಳಿಸುತ್ತಲೇ ಇದ್ದೆವು.

ಅವಳೂ ತಂಗಿ ಡೋಲಿನಾಳೂ ಅಪ್ಪನ ಮನೆಯಲ್ಲೇ ಇದ್ದರು. ಇಬ್ಬರೂ ಮದುವೆಯಾಗಿರಲಿಲ್ಲ. ಡೋಲಿನಾ ಊರಿನ ಒಂದೇ ಕೋಣೆಯ ಶಾಲೆಗೆ ಟೀಚರು. ಸಂಜೆ ಅಕ್ಕ ಸಭೆಯ ಸುದ್ದಿ ತರುತ್ತಿದ್ದಳು, ತಂಗಿ ಅಧ್ಯಕ್ಷರ ನಡಿಗೆ ಅಣಕಿಸುತ್ತಿದ್ದಳು. ಅವರ ನಗು ರಸ್ತೆಗೆ ಕೇಳುತ್ತಿತ್ತು.

ಬರಬರುತ್ತ ಶಾಲೆಯಲ್ಲಿ ಮೂರೇ ಮಕ್ಕಳು ಉಳಿದರು, ಮೂವರೂ ಕರ್ಸ್ಟೀನ್ ಎಂಬುವಳ ಮಕ್ಕಳು. ಶಾಲೆ ಮುಚ್ಚಿ ಮಕ್ಕಳನ್ನು ಪಕ್ಕದ ದ್ವೀಪಕ್ಕೆ ಕಳಿಸಬೇಕೆಂಬ ಪ್ರಸ್ತಾಪ ಕೌನ್ಸಿಲಿನ ಮುಂದೆ ಬಂತು. ಮರ್ಡೀನಾ ಹಠ ಹಿಡಿದು ತಡೆಯುತ್ತಾಳೆಂದು ಊರು ನಿಶ್ಚಿಂತವಾಗಿತ್ತು. ಅವಳು ಮುಚ್ಚುವ ಪರವಾಗಿ ಕೈ ಎತ್ತಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಅವಳು ಹಡಗಿನಿಂದ ಇಳಿದಾಗ ಅಂಗಡಿಯ ಮುದುಕ ಲಾಕ್ಲನ್, "ಈ ಕಟ್ಟೆ ಕಟ್ಟಿಸಿದ್ದು ನಮ್ಮ ಮಕ್ಕಳನ್ನ ಸಾಗಹಾಕೋದಕ್ಕೇನಮ್ಮಾ?" ಎಂದು ಕೇಳಿದ. ಅವಳು ತಲೆ ತಗ್ಗಿಸಿ ಮನೆಯ ಹಾದಿ ಹಿಡಿದಳು. ಅಂದಿನಿಂದ ಡೋಲಿನಾ ಅಕ್ಕನೊಂದಿಗೆ ಮಾತು ಬಿಟ್ಟಳು. ಅದೇ ಮನೆ, ಅದೇ ಮೇಜು. ಹೇಳುವುದೇನಿದ್ದರೂ ನಾಯಿಗೆ ಹೇಳುತ್ತಿದ್ದಳು. "ಬ್ರಾನ್, ಕೌನ್ಸಿಲರಮ್ಮನವರಿಗೆ ಹೇಳು, ಮೀನು ತಣ್ಣಗಾಗ್ತಾ ಇದೆ." ನಾಯಿ ಪಾಪ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡುತ್ತಿತ್ತು.

ಆ ವರ್ಷವೇ ಪಕ್ಷದವರು ಮರ್ಡೀನಾಳನ್ನು ಪಾರ್ಲಿಮೆಂಟಿಗೆ ನಿಲ್ಲಿಸಿದರು. ಆಚೆ ದಡದವರ ಮತದಿಂದ ಗೆದ್ದಳು. ನಮ್ಮೂರಿನ ಹೆಚ್ಚಿನವರು ಅವಳಿಗೆ ಹಾಕಲಿಲ್ಲ. ನಾನು ಮತ ಹಾಕಲು ಹೋಗಲೇ ಇಲ್ಲ.

ಎಡಿನ್‌ಬರೋದಲ್ಲಿ ಹಳೆಯ ಕಟ್ಟಡವೊಂದರ ತುತ್ತತುದಿಯ ಮನೆ ಅವಳದು. ಮೆಟ್ಟಿಲಲ್ಲಿ ಎದುರಾದವರು ನೆಲ ನೋಡಿಕೊಂಡು ಹೋಗುತ್ತಿದ್ದರಂತೆ. ದ್ವೀಪಗಳ ಹಡಗಿನ ಬಗ್ಗೆ ಅವಳು ಮಾತಾಡುವ ಹೊತ್ತಿಗೆ ಸದನ ಮುಕ್ಕಾಲು ಖಾಲಿಯಾಗಿರುತ್ತಿತ್ತು. ಶುಕ್ರವಾರ ಉಳಿದ ಸದಸ್ಯರು ಊರಿಗೆ ಹೊರಡುತ್ತಿದ್ದರು. ಚಳಿಗಾಲದಲ್ಲಿ ನಮ್ಮ ಹಡಗನ್ನು ನಂಬುವಂತಿಲ್ಲ, ಹಾಗಾಗಿ ಅವಳು ಅಲ್ಲೇ ಉಳಿಯುತ್ತಿದ್ದಳು. ಭಾನುವಾರ ದೇವರ ದಿನ, ನಮ್ಮಲ್ಲಿ ಆ ದಿನ ಫೋನು ಮುಟ್ಟುವುದಿಲ್ಲ. ಅದಕ್ಕೇ ಶನಿವಾರ ಸಂಜೆ ಮನೆಗೆ ಫೋನು ಮಾಡುತ್ತಿದ್ದಳು. ಡೋಲಿನಾ ಎತ್ತುತ್ತಿದ್ದಳು, ಮಾತಾಡುತ್ತಿರಲಿಲ್ಲ, ಇಡುತ್ತಲೂ ಇರಲಿಲ್ಲ. ಅಕ್ಕ ತನ್ನ ಪಾಡಿಗೆ ವಾರದ ಸುದ್ದಿಯೆಲ್ಲ ಹೇಳುವಳು. ಆ ಕಡೆಯಿಂದ ಕೆಟಲ್ ಕುದಿಯುವ ಸದ್ದು, ನೆಲದ ಮೇಲೆ ನಾಯಿಯ ಉಗುರಿನ ಸದ್ದು. ಕೊನೆಗೆ ಇವಳೇ "ಸರಿ, ಇಡ್ತೀನಿ" ಅನ್ನಬೇಕು. ಇದನ್ನು ಅವಳೇ ಎಷ್ಟೋ ಕಾಲದ ಮೇಲೆ ನನಗೆ ಹೇಳಿದಳು.

ಎರಡನೆಯ ಸಲ ನಿಂತಾಗ ಸೋತಳು. ಊರಿಗೆ ಬಂದಾಗ ಒಂದೇ ಪೆಟ್ಟಿಗೆ ಇತ್ತು, ನಾನೇ ಹೊತ್ತೆ. ಬಾಗಿಲಲ್ಲಿ ಡೋಲಿನಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಷ್ಟೆ.

ಆಮೇಲೆ ಎಷ್ಟೋ ವರ್ಷ ಹಾಗೇ ನಡೆಯಿತು. ಬ್ರಾನ್ ಸತ್ತ ಮೇಲೆ ಆ ಮನೆಯಲ್ಲಿ ಮಾತೇ ಇಲ್ಲವಾಯಿತು. ಒಂದು ಬೇಸಿಗೆ ನಾನು ಅವರ ಕೊಟ್ಟಿಗೆಗೆ ತಗಡು ಹೊಡೆದು, ಚಹಾ ಕುಡಿಯಲು ಒಳಗೆ ಕೂತಿದ್ದೆ, ಅಕ್ಕತಂಗಿ ಇಬ್ಬರೂ ಇದ್ದರು. ಕರ್ಸ್ಟೀನ್ ಬಂದಳು. ಮಕ್ಕಳೆಲ್ಲ ದೊಡ್ಡವರಾಗಿದ್ದರು, ಅವಳೂ ದ್ವೀಪ ಬಿಟ್ಟು ಹಿರಿಮಗಳ ಊರಿಗೆ ಹೊರಟಿದ್ದಳು. ಹೇಳಿ ಹೋಗಲು ಬಂದವಳು ಕೂರಲಿಲ್ಲ. ಡೋಲಿನಾಳ ಕಡೆ ತಿರುಗಿ ಹೇಳಿದಳು: "ಟೀಚರಮ್ಮ, ಸ್ಕೂಲು ಮುಚ್ಚಿಸಿ ಅಂತ ನಿಮ್ಮಕ್ಕನ್ನ ಕೇಳ್ಕೊಂಡಿದ್ದು ನಾನು. ಬೇರೆ ಜೊತೆಗಾರರೇ ಇಲ್ದೆ ಮೂರೂ ಮಕ್ಕಳು ಹೊತ್ತು ಮೂಡಿದರೆ ಒಬ್ಬರ ಮುಖ ಒಬ್ಬರು ನೋಡ್ಕೊಂಡೇ ಬೆಳೀತಿದ್ವು. ನನ್ನ ಹೆಸರು ಹೇಳ್ಬೇಡಿ, ಇದೇ ಊರಲ್ಲಿ ಬಾಳ್ಬೇಕು ಅಂದಿದ್ದೆ."

ಅವಳು ಹೋದ ಮೇಲೆ ನನಗೆ ಏಳುವುದೋ ಕೂರುವುದೋ ತಿಳಿಯಲಿಲ್ಲ. ಡೋಲಿನಾ ಅಕ್ಕನ ಕಡೆ ತಿರುಗಿದಳು.

"ನನಗಾದ್ರೂ ಹೇಳ್ಬಾರದಿತ್ತೇನೇ?"

"ಮಾತು ಕೊಟ್ಟಿದ್ದೆ."

"ಅವಳಿಗೆ ಕೊಟ್ಟ ಮಾತು ಉಳೀತು. ನಾನು ಉಳೀಲಿಲ್ಲ."

ಅಂದಿನಿಂದ ಇಬ್ಬರೂ ಮಾತಾಡಿದರು. ಹವಾಮಾನ, ಕೋಳಿ, ಬ್ರೆಡ್ಡು, ಇಷ್ಟೇ. ಹಳೆಯ ನಗು ರಸ್ತೆಗೆ ಕೇಳಿಸಲಿಲ್ಲ. ಕಳೆದ ವಸಂತದಲ್ಲಿ ಡೋಲಿನಾ ನ್ಯುಮೋನಿಯಾದಿಂದ ತೀರಿಕೊಂಡಳು. ಮಣ್ಣು ಮಾಡಲು ಊರೆಲ್ಲ ಬಂದಿತ್ತು, ಲಾಕ್ಲನ್ ಕೂಡ ಕೋಲೂರಿಕೊಂಡು ಬಂದು ಮರ್ಡೀನಾಳ ಕೈ ಹಿಡಿದ. ಕ್ಷಮಿಸು ಎಂದನೋ, ಬರೀ ಕೆಮ್ಮಿದನೋ, ಗಾಳಿಗೆ ನನಗೆ ಕೇಳಲಿಲ್ಲ.

ಈಗ ಅವಳೊಬ್ಬಳೇ. ಕೆಲಸ ಮುಗಿಸಿ ಬರುವಾಗ ನಾನು ಆಗಾಗ ಹೊಕ್ಕು ಬರುತ್ತೇನೆ. ಮೊನ್ನೆ ಆಲೂಗಡ್ಡೆ ಸುಲಿಯುತ್ತಿದ್ದಳು. ಧೈರ್ಯ ಮಾಡಿ, ಆ ದಿನ ತಿರುಗಿ ಬಂದರೆ ಕೈ ಎತ್ತುತ್ತೀಯಾ ಎಂದು ಕೇಳಿದೆ.

"ಎತ್ತುತ್ತೀನಿ," ಎಂದಳು. ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡು, "ಆದ್ರೆ ಹಿಂದಿನ ದಿನ ಡೋಲಿನಾಗೆ ಹೇಳ್ತೀನಿ. ಮಾತು ತಪ್ಪಿದವಳು ಅನ್ನಿಸಿಕೊಂಡ್ರೂ ಸರಿ."

ನಾನು ಎದ್ದೆ. ಇನ್ನೊಂದು ಬಟ್ಟಲು ಚಹಾ ಕುಡಿದು ಹೋಗು ಎಂದಳು. ಬೇಕಿರಲಿಲ್ಲ, ಕೂತು ಕುಡಿದೆ.