ಬೀಗವಿಲ್ಲದ ಮನೆಯ ಲೈಟ್ ಬಿಲ್ಲು

ಬಾಕಿ ಕೇಳಲು ಬಂದವರು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲವದು. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಿರಾಣಿ ಅಂಗಡಿಯ ಗುಮಾಸ್ತ, ಹಾಲಿನವಳು, ಕಂತಿನ ಮೇಲೆ ಸ್ಟೀಲಿನ ಪಾತ್ರೆ ಕೊಟ್ಟವನು, ಹೀಗೆ ತಿಂಗಳ ಮೊದಲ ವಾರ ಬೈಲಹೊಂಗಲದ ನಮ್ಮ ಓಣಿಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಬರುತ್ತಿದ್ದರು. ಅಪ್ಪ ಅರಳೆಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಲೆಕ್ಕ ಬರೆಯುವವನು. ಆ ವರ್ಷ ಜಿನ್ನು ಬೇಸಿಗೆಗೆ ಮುಂಚೆಯೇ ಬಾಗಿಲು ಹಾಕಿತು. ಅಪ್ಪನ ಪಗಾರ ಅದರೊಳಗೇ ಉಳಿಯಿತು.

ಹಣ ಇಲ್ಲದಿದ್ದರೇನು, ನಮ್ಮ ಮನೆಯಲ್ಲಿ ಆಯಿ ಇದ್ದಳು. ಆಯಿ ಎಂದರೆ ಅಪ್ಪನ ತಾಯಿ. ಒಣಗಿದ ಕೈ, ದೊಡ್ಡ ದನಿ, ಮೂಗಿನ ತುದಿಯಲ್ಲೇ ಸಿಟ್ಟು. ವಸೂಲಿಗೆ ಬಂದವನು ಬಾಯಿ ತೆರೆಯುವ ಮೊದಲೇ ಅವನ ಮುಂದೆ ತಾಟು ಇಡಬೇಕು ಎಂಬುದು ಅವಳ ಕಾಯಿದೆ. ಬಿಸಿ ರೊಟ್ಟಿ, ಗುರೆಳ್ಳು ಹಿಂಡಿ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಜಜ್ಜಿದ ಉಳ್ಳಾಗಡ್ಡಿ.

"ಉಂಡ ಮನಿ ಜಂತಿ ಎಣಿಸಬಾರ್ದು ಅಂತಾರ. ಎಣಿಸದಂಗ ಮಾಡೂದು ನಮ್ಮ ಕೈಯಾಗೈತಿ," ಎನ್ನುತ್ತಿದ್ದಳು ಆಯಿ.

"ಎಷ್ಟ ದಿನಾ ಅಂತ ಹಿಂಗ ನಡಸ್ತೀರಿ ಅತ್ತಿ?" ಎಂದು ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಗೊಣಗುತ್ತಿದ್ದಳು. ಮನೆಯವರಿಗೇ ಹಿಟ್ಟು ಅಳೆದು ನಾದುತ್ತಿದ್ದ ದಿನಗಳು. ಆದರೆ ಗುಮಾಸ್ತ ಬಂದನೆಂದರೆ ಅವ್ವನ ಪಾಲಿನ ರೊಟ್ಟಿಯೇ ತಾಟಿಗೆ ಹೋಗುತ್ತಿತ್ತು. ಉಂಡವನು ಕೈ ತೊಳೆದು, ಚಹಾ ಕುಡಿದು, "ಬರೂ ತಿಂಗಳರ ನೋಡ್ರಿ ಅಮ್ಮಾ" ಎಂದು ಹೋಗುತ್ತಿದ್ದ. ನಾನೂ ನನ್ನ ಗೆಳತಿಯರೂ ಕಟ್ಟೆಯ ಮೇಲೆ ಇದನ್ನೇ ಆಟ ಮಾಡಿಕೊಂಡಿದ್ದೆವು. ಗಜಗದ ಕಾಯಿ ರೊಕ್ಕ, ಬೇವಿನ ಎಲೆ ರೊಟ್ಟಿ. ಎಲ್ಲರಿಗೂ ಆಯಿಯಾಗುವ ಆಸೆ, ಗುಮಾಸ್ತನಾಗಲು ಯಾರೂ ಒಪ್ಪುತ್ತಿರಲಿಲ್ಲ.

ಬಿಲ್ಲಿನ ಬಾಕಿಗೆ ಬರುತ್ತಿದ್ದ ಲೈಟಿನ ಬಸಪ್ಪನನ್ನೂ ಆಯಿ ಹೀಗೇ ಗೆದ್ದಿದ್ದಳು. ಕರೆಂಟು ಕಡಿಯಲು ಆಗ ಕಂಬ ಹತ್ತುವ ಕೆಲಸವಿರಲಿಲ್ಲ. ಮೀಟರಿನ ಕೆಳಗಿನ ಬಿಳಿ ಪಿಂಗಾಣಿಯ ಫ್ಯೂಜು ಕಿತ್ತು ಚೀಲಕ್ಕೆ ಹಾಕಿಕೊಂಡು ಹೋದರೆ ಮುಗಿಯಿತು, ಬಾಕಿ ಕಟ್ಟುವವರೆಗೆ ಕತ್ತಲೆ. ಬಸಪ್ಪ ಬಡಕಲು ಮನುಷ್ಯ. ಖಾಕಿ ಅಂಗಿ, ಕಿಸೆಯಲ್ಲಿ ಟೆಸ್ಟರು, ಮೈಯಿಂದ ಬೀಡಿಯ ವಾಸನೆ. ಮೊದಲ ತಿಂಗಳು ಬಂದ, ಉಂಡ, ಫ್ಯೂಜು ಮುಟ್ಟಲಿಲ್ಲ. ಎರಡನೆಯ ತಿಂಗಳೂ ಹಾಗೇ. ಮೂರನೆಯ ಸಲ ಅವನು ಪೆನ್ಸಿಲಿನಿಂದ ಪುಸ್ತಕದಲ್ಲಿ ಏನೋ ಬರೆಯುವಾಗ ನಾನು ಬಗ್ಗಿ ನೋಡಿದೆ. ನಮ್ಮ ಮನೆಯ ನಂಬರಿನ ಮುಂದೆ 'ಮನೆಗೆ ಬೀಗ' ಎಂದಿತ್ತು. ಮೇಲಿನ ಎರಡು ತಿಂಗಳಿಗೂ ಅದೇ. ಮನೆ ತುಂಬ ಮಂದಿ ಕೂತಿರುವಾಗ ಬೀಗವೆಲ್ಲಿಂದ ಬಂತು ಎಂದು ನನಗೆ ನಗು ಬಂತು. ಯಾರಿಗೂ ಹೇಳದೆ ಆಟಕ್ಕೆ ಓಡಿದೆ. ಓದು ಬರದ ಆಯಿಗೆ ಅವತ್ತೇ ಒಂದು ಮಾತು ಹೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಅದಾದ ಹದಿನೈದು ದಿನಕ್ಕೆ ಮೋಟಾರ್ ಸೈಕಲ್ ಮೇಲೆ ಸಾಹೇಬರೊಬ್ಬರು ಬಂದರು. ಆಯಿ ಅಂಗಳದಲ್ಲಿ ಹೊರಸಿನ ಮೇಲೆ ಶಾವಿಗೆ ಒಣಹಾಕುತ್ತಿದ್ದಳು.

"ಅಮ್ಮಾ, ಯಾವಾಗ ಬಂದ್ರಿ ಊರಿಂದ?" ಎಂದರು ಅವರು.

"ಯಾವ ಊರಿಂದ್ರಿ? ನಾ ಎಲ್ಲಿ ಹೋಗೇನಿ?"

"ಮೂರ ತಿಂಗಳಿಂದ ಈ ಮನಿಗೆ ಬೀಗ ಹಾಕೈತಿ ಅಂತ ಕೇಳಿದ್ದೆ."

ಆಯಿಯ ಮೂಗು ಕೆಂಪಾಯಿತು. ನಮ್ಮ ಕಡೆ ಬೀಗ ಬಿದ್ದ ಮನೆ ಎಂದರೆ ಕೆಟ್ಟ ಮನೆ, ಕೇಳುವವರಿಲ್ಲದ ಮನೆ. "ಯಾವ ಮೂಳ ಹೇಳಿದ್ದು? ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಒಂದ ದಿನಾ ಬೀಗ ಹಾಕಿಲ್ಲರಿ. ಬೀಗ ಎಲ್ಲೈತಿ ಅನ್ನೂದ ನನಗ ಗೊತ್ತಿಲ್ಲ. ಬರ್ರಿ ಒಳಗ, ಬಿಸಲಾಗ ಬಂದೀರಿ, ಮಜ್ಜಿಗಿ ಕುಡೀರಿ."

ಸಾಹೇಬರು ಮಜ್ಜಿಗೆ ಕುಡಿದರು, ಮೀಟರಿನ ಕಡೆ ಒಮ್ಮೆ ನೋಡಿದರು, ನಮಸ್ಕಾರ ಹೇಳಿ ಹೋದರು. ತಾವು ಯಾರೆಂದು ಅವರು ಹೇಳಲಿಲ್ಲ, ಆಯಿ ಕೇಳಲೂ ಇಲ್ಲ. "ಎಷ್ಟ ಸಮಾಧಾನದ ಮನಷ್ಯಾ" ಎಂದು ಸಂಜೆತನಕ ಓಣಿಯವರಿಗೆಲ್ಲ ಹೊಗಳಿದಳು.

ಅದೇ ಹೊತ್ತಿಗೆ ನಮ್ಮ ಗಿರಿಜಕ್ಕನನ್ನು ನೋಡಲು ಕಿತ್ತೂರಿನ ಕಡೆಯವರು ಬರುವುದು ಗೊತ್ತಾಯಿತು. ಹುಡುಗ ಸಾಲಿ ಮಾಸ್ತರ. ಅಕ್ಕ ಅವನ ಫೋಟೋವನ್ನು ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಳು, ನನಗೆ ತೋರಿಸಿ ಬೈದು ಓಡಿಸಿದ್ದಳು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಗೆ ಒಂದೇ ಬೆಳಕಿಂಡಿ, ಹಾಡುಹಗಲಲ್ಲೂ ಲೈಟು ಹಚ್ಚದಿದ್ದರೆ ಎದುರು ಕೂತವರ ಮುಖ ಕಾಣದು. ಅಪ್ಪ ಯಾರಿಂದಲೋ ಒಂದು ಟ್ಯೂಬ್‌ಲೈಟು ತಂದು ಹಾಕಿದ. ಅವ್ವ ಗೋಡೆಗೆ ಸುಣ್ಣ ಬಳಿದಳು. ಹಸಿ ಸುಣ್ಣದ ವಾಸನೆಯಲ್ಲಿ ಅಕ್ಕ ಟ್ಯೂಬಿನ ಕೆಳಗೆ ಚಾಪೆ ಹಾಸಿ ಕೂತು, "ಇಲ್ಲಿ ಕುಂತ್ರ ಚಂದ ಕಾಣ್ತೇನೇನ?" ಎಂದು ನನ್ನನ್ನು ಹತ್ತು ಸಲ ಕೇಳಿದಳು.

ಅವರು ಬರುವ ದಿನ ಮುಂಜಾನೆ ಅಪ್ಪ ಪಗಾರ ಕೇಳಲು ಜಿನ್ನಿಗೆ ಹೋಗಿದ್ದ. ಬಸಪ್ಪ ಬಂದ. ಚಪ್ಪಲಿ ಬಿಡಲಿಲ್ಲ.

"ಬಾರಪಾ ಬಸಪ್ಪ, ಕುಂಡ್ರು. ರೊಟ್ಟಿ ಬಿಸಿ ಅದಾವ."

"ಒಲ್ಲೆರಿ ಅಮ್ಮಾ."

"ನೀರರ ಕುಡಿ."

"ನೀರೂ ಒಲ್ಲೆ. ಫ್ಯೂಜ್ ತಗೀಬೇಕ್ರಿ."

ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಇವತ್ತೊಂದಿನ ಬಿಡ್ರಿ ಅಣ್ಣಾ. ಸಂಜಿಕ ನಮ್ಮ ಹುಡಿಗಿನ್ನ ನೋಡಾಕ ಬರಾಕತ್ತಾರ."

ಬಸಪ್ಪ ನೆಲ ನೋಡುತ್ತ ಹೇಳಿದ. "ಅಕ್ಕಾರ, ನಿಮ್ಮ ಮನಿಗೆ ಬೀಗ ಐತಿ ಅಂತ ಮೂರ ಸಲ ಬರದೇನ್ರಿ. ಸಾಹೇಬ್ರು ತಾವ ಬಂದ ನೋಡಿ ಹೋದ್ರು. ಸುಳ್ಳ ಬರದಿ ಅಂತ ನನ್ನ ಅರ್ಧ ಪಗಾರ ಹಿಡದಾರ. ನಾ ಇನ್ನೂ ಖಾಯಂ ಆಗಿಲ್ರಿ. ಇವತ್ತ ಫ್ಯೂಜ್ ಒಯ್ಯಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂತಾರ. ಮನ್ಯಾಗ ಮೂರ ಹುಡುಗ್ರು ಅದಾವ."

ಮಜ್ಜಿಗೆ ಕುಡಿದು ಹೋದ ಸಮಾಧಾನದ ಮನುಷ್ಯ ಯಾರೆಂದು ಆಯಿಗೆ ಆಗ ತಿಳಿಯಿತು. ನನಗೂ ಬಸಪ್ಪನ ಪುಸ್ತಕದಲ್ಲಿ ಓದಿದ್ದು ನೆನಪಾಯಿತು. ಬಾಗಿಲ ಸಂದಿಯಲ್ಲಿ ನಿಂತ ಅಕ್ಕ, "ಆಯಿ, ಏನರ ಹೇಳ ನೀ" ಎಂದಳು. ಆಯಿ ಮನಸ್ಸು ಮಾಡಿದ್ದರೆ ಅಳಬಹುದಿತ್ತು, ಕಾಲಿಗೆ ಬೀಳಬಹುದಿತ್ತು. ಬಸಪ್ಪ ಕರಗುವ ಮನುಷ್ಯನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಎದ್ದು ಅಡುಗೆಮನೆಯ ಸ್ಟೂಲು ತಂದು ಮೀಟರಿನ ಕೆಳಗೆ ಇಟ್ಟಳು. "ಹತ್ತು. ಅದರ ಕಾಲ ಅಳ್ಳಾಡತೈತಿ, ನಾ ಹಿಡಕೋತೇನಿ," ಎಂದಳು.

ಫ್ಯೂಜು ಕಿತ್ತ ಸದ್ದು ಸಣ್ಣದು. ಪಡಸಾಲೆ ಕಪ್ಪಾಯಿತು. ಅಕ್ಕ ಒಳಗೆ ಓಡಿದಳು.

"ಈಗ ಕುಂಡ್ರು. ನಿನ್ನ ಕೆಲಸ ಮುಗೀತು. ಇನ್ನ ಉಂಡರ ಯಾರೂ ಏನೂ ಅನ್ನಂಗಿಲ್ಲ," ಎಂದಳು ಆಯಿ. ಬಸಪ್ಪ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಕೂತ. ಫ್ಯೂಜನ್ನು ತಾಟಿನ ಪಕ್ಕ ಇಟ್ಟುಕೊಂಡು ತಲೆ ಎತ್ತದೆ ಎರಡು ರೊಟ್ಟಿ ಉಂಡ.

ಅವನು ಹೋದ ಮೇಲೆ ಅಕ್ಕ ಹೊರಗೆ ಬಂದು ಕೂಗಾಡಿದಳು. "ನನಗಿಂತ ಆ ಲೈಟಿನಂವಾ ಹೆಚ್ಚಾದನೇನ ನಿನಗ?"

"ಹೆಚ್ಚಲ್ಲ ತಂಗಿ," ಎಂದಳು ಆಯಿ. "ನಾ ನೀಡಿದ ರೊಟ್ಟಿ ಅವನ ಪಗಾರ ತಿಂದೈತಿ. ಮ್ಯಾಲ ಅವನ ನೌಕರೀನೂ ತಿನ್ನಸ್ಲೇನು?"

ಸಂಜೆ ಕಿತ್ತೂರಿನವರು ಬಂದರು. ಪಡಸಾಲೆಯಲ್ಲಿ ಕೂರಿಸುವ ಹಾಗಿರಲಿಲ್ಲ, ಕಟ್ಟೆಯ ಮೇಲೆ ಜಮಖಾನೆ ಹಾಸಿದೆವು. ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ಅಕ್ಕ ಅವಲಕ್ಕಿಯ ತಾಟು ಹಿಡಿದು ಹೊರಬಂದಳು. ಹುಡುಗನ ತಾಯಿ, "ಕರೆಂಟ್ ಹೋಗೈತೇನ್ರಿ?" ಎಂದು ಕೇಳಿದಳು. ಎದುರು ಮನೆಯಲ್ಲಿ ಲೈಟು ಉರಿಯುತ್ತಿತ್ತು. ಜಿನ್ನಿನಿಂದ ಬರಿಗೈಯಲ್ಲಿ ಬಂದಿದ್ದ ಅಪ್ಪ ಕೆಮ್ಮಿದ. ಆಯಿ ನೆಟ್ಟಗೆ ಕೂತು, "ಬಿಲ್ ಕಟ್ಟಿಲ್ಲರಿ, ಫ್ಯೂಜ್ ಒಯ್ದಾರ" ಎಂದಳು. ಅವರು ಅವಲಕ್ಕಿ ತಿಂದರು, ಚಹಾ ಕುಡಿದರು, ಚೆನ್ನಾಗಿಯೇ ಮಾತಾಡಿದರು. ಎಂಟು ದಿನಕ್ಕೆ ಬೇಡ ಎಂಬ ಸುದ್ದಿ ಬಂತು. ಕಾರಣ ಹೇಳಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಅಪ್ಪನ ಪಗಾರ ಬಂತು. ಬಿಲ್ಲು ಕಟ್ಟಿದೆವು, ಬಸಪ್ಪನೇ ಬಂದು ಫ್ಯೂಜು ಹಾಕಿ ಚಹಾ ಕುಡಿದು ಹೋದ. ಆದರೆ ಆಯಿಯ ಕಾಯಿದೆ ತಿರುವುಮುರುವಾಯಿತು. ಯಾರೇ ಬರಲಿ, "ಮೊದಲ ನಿನ್ನ ಮಾತ ಹೇಳು, ಕೇಳತೇನಿ. ತಾಟ ಆಮ್ಯಾಲೆ" ಎನ್ನುತ್ತಿದ್ದಳು. ಬೈಸಿಕೊಳ್ಳುವಷ್ಟು ಬೈಸಿಕೊಂಡು ಆಮೇಲೆ ನೀಡುತ್ತಿದ್ದಳು. ಅಕ್ಕನಿಗೆ ಎರಡು ವರ್ಷದ ಮೇಲೆ ರಾಮದುರ್ಗದ ಸಂಬಂಧ ಕೂಡಿಬಂತು, ಚೆನ್ನಾಗಿದ್ದಾಳೆ. ಆ ಸಂಜೆಯ ಮಾತು ಬಂದರೆ ಈಗ ನಗುತ್ತಾಳೆ.

ಈಗ ನಾನಿರುವುದು ಧಾರವಾಡದ ಒಂದು ಅಪಾರ್ಟ್‌ಮೆಂಟಿನಲ್ಲಿ. ಬಾಕಿ ಇದ್ದರೆ ಫೋನಿಗೆ ಸಂದೇಶ ಬರುತ್ತದೆ, ಕಂತು ತಪ್ಪಿದರೆ ಯಾವ ಊರಿನದೆಂದೂ ಗೊತ್ತಾಗದ ದನಿಯೊಂದು ಕರೆ ಮಾಡುತ್ತದೆ. ಕೇಳುವವರಿಗೂ ನಾಚಿಕೆಯಿಲ್ಲ, ಕೊಡಬೇಕಾದ ನನಗೂ ಮೊದಲಿನ ನಾಚಿಕೆಯಿಲ್ಲ. ಹೋದ ಬೇಸಿಗೆ ನಮ್ಮತ್ತೆಯ ಆಸ್ಪತ್ರೆಯ ಓಡಾಟದಲ್ಲಿ ಎರಡು ತಿಂಗಳು ಬಿಲ್ಲು ಕಟ್ಟುವುದು ಮರೆತುಹೋಗಿತ್ತು. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದಾಗ ಫ್ಯಾನು ನಿಂತಿತ್ತು. ಕೆಳಗಿನ ಮೀಟರ್ ಕೋಣೆಯಲ್ಲಿ ಯಾರೋ ಬಂದು ನಮ್ಮ ಲೈನು ಕಡಿದು ಹೋಗಿದ್ದರು. ಫೋನಿನಲ್ಲಿ ಹಣ ಕಟ್ಟಿದೆ, ಗಂಟೆಯೊಳಗೆ ಕರೆಂಟು ಬಂತು, ಆಗಲೂ ಯಾರೂ ಮೇಲೆ ಬರಲಿಲ್ಲ. ಉರಿ ಬಿಸಿಲಿನಲ್ಲಿ ಕಡಿಯಲೊಮ್ಮೆ, ಜೋಡಿಸಲೊಮ್ಮೆ ಎರಡು ಸಲ ನಮ್ಮ ಮನೆಯ ಕೆಲಸಕ್ಕೆ ಬಂದುಹೋದ ಆ ಮನುಷ್ಯ ಅವತ್ತು ಉಂಡಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.