ಆಯಿ ಹೇಳಿದ ಹೆಸರು

ನಿನ್ನೆ ನಾನು ಕಲಿಸುವ ಶಾಲೆಯ ವರಾಂಡವನ್ನು ಫಿನೈಲ್ ಹಾಕಿ ತೊಳೆದಿದ್ದರು. ಬೇರೆಯವರಿಗೆ ಅಜ್ಜಿ ಎಂದರೆ ಒಗ್ಗರಣೆಯದೋ ಬೆಣ್ಣೆ ಕಾಸಿದ್ದೋ ವಾಸನೆ ನೆನಪಾಗುತ್ತದಂತೆ. ನನಗೆ ಮಾತ್ರ ಈ ಹಾಳು ಫಿನೈಲ್. ಮೂಗಿಗೆ ಬಡಿದರೆ ಸಾಕು, ಶಹಾಪುರದ ಆ ಆಸ್ಪತ್ರೆ, ಚೀಟಿ ಬರೆಯುವ ಕಿಟಕಿ, ಅದರ ಮುಂದೆ ಸೆರಗು ಬಿಗಿಹಿಡಿದು ನಿಂತ ನಮ್ಮ ಆಯಿ... ದೇವಾಪುರದ ಮಕ್ಕಳಿಗೆ ಏಳರ ಮಗ್ಗಿ ಹೇಳಿಸುತ್ತಿದ್ದವಳು ನಡುವೆಯೇ ನಿಲ್ಲಿಸಿಬಿಟ್ಟೆ.

ಆಯಿ ಅಂದರೆ ನಮ್ಮಪ್ಪನ ತಾಯಿ. ಹತ್ತಿಕುಣಿಯಿಂದ ನಮ್ಮೂರು ಗೋಗಿಗೆ ಸೊಸೆಯಾಗಿ ಬಂದಾಗ ಅವಳಿಗೆ ಸೀರೆ ಉಡಲೂ ಸರಿಯಾಗಿ ಬರುತ್ತಿರಲಿಲ್ಲವಂತೆ. ಆರು ಹೆತ್ತಳು, ಒಂದನ್ನು ಮಣ್ಣಿಗಿಟ್ಟಳು, ಉಳಿದ ಐವರನ್ನು ದಡ ಸೇರಿಸಿದಳು. ಆಮೇಲೆ ಮೊಮ್ಮಕ್ಕಳ ದಂಡು. ನಾನು ಹುಟ್ಟಿದಾಗ ಅವ್ವನಿಗೆ ಜ್ವರ ಬಂದು, ಮೂರು ತಿಂಗಳು ನನ್ನನ್ನು ತೊಡೆಯ ಮೇಲೆ ಹಾಕಿಕೊಂಡೇ ರೊಟ್ಟಿ ಬಡಿದವಳು ಅವಳು. ಮುತ್ಯಾ, ಅಂದರೆ ನಮ್ಮಜ್ಜ, ಹೊಲದಿಂದ ಬರುವ ಹೊತ್ತಿಗೆ ಬಿಸಿ ರೊಟ್ಟಿ ತಯಾರಿರಬೇಕು. ತಡವಾದರೆ ಮುತ್ಯಾ ಏನೂ ಅನ್ನುತ್ತಿರಲಿಲ್ಲ, ಇವಳೇ ತನ್ನನ್ನು ತಾನು ಬೈದುಕೊಳ್ಳುತ್ತಿದ್ದಳು.

ಆ ಮುತ್ಯಾನ ಹೆಸರನ್ನು ಮಾತ್ರ ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಕಲಿಸಿದ್ದಳು. 'ಇಲ್ಲಿ ಕೇಳ್ರಿ' ಎಂದೇ ಕೂಗುತ್ತಿದ್ದಳು. ಊರ ಹೊರಗಿನ ಗುಡಿಯ ದೇವರದೂ ಅದೇ ಹೆಸರು. ಹಾಗಾಗಿ ಪಾಪ, ಆ ದೇವರೂ ಇವಳ ಬಾಯಲ್ಲಿ 'ಗುಡ್ಯಾಗಿನಾಂವ' ಆಗಿದ್ದ. ಮದುವೆ ಮನೆಗಳಲ್ಲಿ ಪದ ಕಟ್ಟಿ ಗಂಡನ ಹೆಸರು ಹೇಳುವ ಒಡಪಿನ ಹೊತ್ತು ಬಂತೆಂದರೆ ಇವಳು ಹಿತ್ತಲ ಬಾಗಿಲಿನಿಂದ ಪರಾರಿ!

ನಾನು ಸುರಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಸ್ತ್ರೀ ಸಮಾನತೆಯ ಮೇಲೆ ಭಾಷಣ ಬಿಗಿದು ಮೊದಲ ಬಹುಮಾನ ಹೊಡೆದಿದ್ದೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದೇ ವಾರ ಮುತ್ಯಾನಿಗೆ ಲಕ್ವಾ ಹೊಡೆದು ಮಾತು ನಿಂತಿತು. ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಶಹಾಪುರಕ್ಕೆ ಹೋದೆವು. ಅಪ್ಪ ಮುತ್ಯಾನನ್ನು ಎತ್ತಿಕೊಂಡು ಒಳಗೆ ಹೋದ. ಚೀಟಿ ಮಾಡಿಸಲು ನಾನೂ ಆಯಿಯೂ ಸಾಲಿನಲ್ಲಿ ನಿಂತೆವು.

"ಪೇಶಂಟ್ ಆಧಾರ್ ಕಾರ್ಡ್ ಕೊಡ್ರಿ, ಇಲ್ಲಾ ಹೆಸರು ಹೇಳ್ರಿ" ಎಂದ ಕಿಟಕಿಯೊಳಗಿನವನು.

ಕಾರ್ಡು ನನ್ನ ಚೀಲದಲ್ಲೇ ಇತ್ತು. ಆಯಿ ಎಂದಿನಂತೆ ನನ್ನ ಮುಖ ನೋಡಿದಳು. ಯಾವ ದೆವ್ವ ಹೊಕ್ಕಿತ್ತೋ ನನಗೆ! ಇವತ್ತು ಇವಳ ಮೂಢನಂಬಿಕೆ ಬಿಡಿಸಿಯೇ ತೀರುತ್ತೇನೆ ಎನಿಸಿತು.

"ಕಾರ್ಡ್ ಮನ್ಯಾಗ ಉಳದದ್ರಿ. ಹೆಸರು ಆಯಿ ಹೇಳ್ತಾಳ" ಎಂದೆ.

"ಇಕಿ ಮುತ್ಯಾರೀ..." ಎಂದು ಆಯಿ ನನ್ನತ್ತ ಕೈ ತೋರಿಸಿದಳು.

"ಹಂಗಂತ ಬರಕೊಳ್ಳಲೇನು? ಜಲ್ದಿ ಹೇಳಾಯಿ, ಹಿಂದ ಮಂದಿ ನಿಂತಾರ."

ಹಿಂದಿನವರು ನಕ್ಕರು. ನಾನೂ ನಕ್ಕೆ. ಆಯಿ ನನ್ನ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೆಸರು ಹೇಳಿದಳು. ಅವನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿಸಿದ. ನಾನು ದೊಡ್ಡದೇನೋ ಗೆದ್ದವಳ ಹಾಗೆ ಚೀಟಿ ತೆಗೆದುಕೊಂಡೆ.

ಐದನೆಯ ದಿನ ಮುತ್ಯಾ ಹೋದ.

ಲಕ್ವಾ ಹೊಡೆದ ಎಂಬತ್ತರ ಮುದುಕ ಸಾಯಲು ಹೆಸರು ಕಾರಣವೇ? ಅಲ್ಲವೆಂದು ನನಗೆ ಗೊತ್ತು. ಆಯಿಗೆ ಗೊತ್ತಿರಲಿಲ್ಲವಲ್ಲ. ಬಳೆ ತೆಗೆದ ಬರಿಗೈಯಲ್ಲಿ ಗೋಡೆಗೊರಗಿ ಕೂತು, ಮಾತಾಡಿಸಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ನಾ ಹೆಸರು ಹೇಳಿಬಿಟ್ಟೆ ಯವ್ವಾ, ಅವ್ರು ಹೋಗಿಬಿಟ್ರು." ಹೇಳಿಸಿದ್ದು ಯಾರೆಂದು ಒಮ್ಮೆಯೂ ಅನ್ನಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಬಂದವರಿಗೆ ಚಹಾ ಕೊಡುತ್ತಾ. ಆಗಲೇ ಎಲ್ಲರ ಮುಂದೆ ನಿಜ ಹೇಳಬಹುದಿತ್ತು... ಹೇಳಲಿಲ್ಲ.

ಅದಾದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ನನ್ನ ಮದುವೆಗೆ ಶಾವಿಗೆ ಹೊಸೆದಳು, ಬಾಣಂತನ ಮಾಡಿದಳು, ನನ್ನ ಮಗಳಿಗೆ ಎಣ್ಣೆ ತಿಕ್ಕಿ ಎರೆದಳು. ಊರ ಹೊರಗಿನ ಗುಡಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಕರೆದರೆ, "ಯಾವ ಮುಖ ತಗೊಂಡು ಹೋಗ್ಲಿ?" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಕಾರ್ಡಿನ ವಿಷಯ ಹೇಳಿಬಿಡಬೇಕು ಎನಿಸುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಮುಂದೂಡುತ್ತಲೇ ಬಂದೆ. ಎಂಥ ಹೇಡಿ ನಾನು!

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ, ಧೈರ್ಯ ಮಾಡಿ ಬಾಯಿಬಿಟ್ಟೆ.

"ಆಯಿ, ಅವತ್ತು ದವಾಖಾನ್ಯಾಗ... ಕಾರ್ಡ್ ನನ್ನ ಚೀಲದಾಗೇ ಇತ್ತು."

"ಗೊತ್ತಿತ್ತು ಬಿಡು. ಮುಂಜಾನಿ ನಾನೇ ಇಟ್ಟಿದ್ನಲ್ಲ."

ನಾನು ಚಮಚ ಬಟ್ಟಲಿಗಿಟ್ಟೆ. "ಮತ್ತ ತಗಿ ಅನಬೇಕಿತ್ತಲ್ಲ ಆಯಿ! ಯಾಕ ಅನಲಿಲ್ಲ?"

"ಅಷ್ಟು ಮಂದಿ ಮುಂದ ನನ್ನ ಮೊಮ್ಮಗಳು ಸುಳ್ಳು ಹೇಳಾಕತ್ಯಾಳ ಅಂತ ಹ್ಯಾಂಗ ಅನ್ಲಿ? ಕಲಿತ ಹುಡುಗಿ ನೀ..." ಎಂದವಳು, ಗಂಜಿ ಸಾಕೆಂದು ಮಗ್ಗುಲಾದಳು.

ಗಂಡನ ಜೀವಕ್ಕೆ ಕುತ್ತೆಂದು ನಂಬಿದ್ದ ಹೆಸರನ್ನು ಅವಳು ಹೇಳಿದ್ದು ನನ್ನ ಮಾನ ಉಳಿಸಲು. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಅಳು ಉಕ್ಕಿ ಬಂತು. ಅವಳು ಏಳಲಿ, ಸಮಾಧಾನವಾಗಿ ಹೇಳುತ್ತೇನೆ ಎಂದುಕೊಂಡೆ. ಮರುದಿನದಿಂದ ಅವಳಿಗೆ ನಮ್ಮ ಗುರುತೇ ಹತ್ತಲಿಲ್ಲ. ವಾರದೊಳಗೆ ಹೋಗಿಬಿಟ್ಟಳು.

ಈಗ ದಿನಕ್ಕೆ ಹತ್ತು ಸಲ ತಪ್ಪಾಯಿತು ಆಯಿ ಎನ್ನುತ್ತೇನೆ. ಕೇಳಬೇಕಾದವಳೇ ಇಲ್ಲ.