ಕೊಬ್ಬರಿ ವಾಸನೆಯ ನಾಜಲ್ಲು

ನಮ್ಮ ಜೀಪು ನಿಂತು ಒಂದೂವರೆ ವರ್ಷವಾಗಿತ್ತು. ನಿಂತಿದ್ದು ಯಾಕೆ ಅಂದರೆ, ಓಡಿಸುತ್ತಿದ್ದ ನಮ್ಮ ಯಜಮಾನರು ಬಿದ್ದಿದ್ದಕ್ಕೆ. ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ್ದ ಕಾಯಿ ನೋಡಲು ಏಣಿ ಹತ್ತಿದವರು ಇಳಿಯುವಾಗ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಊರುಗೋಲು ಹಿಡಿದು ಜಗಲಿಯಿಂದ ಬಚ್ಚಲಿಗೆ ಹೋಗಿಬರುವಷ್ಟಾಯಿತು, ಅಷ್ಟೇ. ಎಡಗಾಲಿಗೆ ಕ್ಲಚ್ ಒತ್ತುವ ಬಲ ಬರಲೇ ಇಲ್ಲ. ಜೀಪು ಸೋಗೆ ಕೊಟ್ಟಿಗೆಯಲ್ಲಿ, ಅವರು ಜಗಲಿ ಮಂಚದ ಮೇಲೆ, ಎದುರಾಬದುರು. ನನಗೆ ಇಬ್ಬರ ಮೇಲೂ ಸಿಟ್ಟಿತ್ತು.

ಊರಿಗೂ ನಮ್ಮ ಗುಡ್ಡದ ತೋಟಕ್ಕೂ ಮಧ್ಯೆ ಒಂದು ಹಳ್ಳ. ಹಳ್ಳ ದಾಟಿದ ಮೇಲೆ ಒಂದು ಮೈಲಿ ಬರೀ ಗುಂಡುಕಲ್ಲಿನ ಏರು. ಕಾರು ಹೋಗಲ್ಲ, ಆಟೋ ಹೋಗಲ್ಲ. ಬೈಕಿನ ಹಿಂದೆ ಕೂರಲು ಅವರ ಸೊಂಟ ಬಿಡಲ್ಲ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹಾಸಿಗೆ ಹಾಸಿ ಕರೆದುಕೊಂಡು ಹೋಗುತ್ತೇನೆ ಅಂದರೆ, "ನಾನೇನು ಕಾಯಿ ಮೂಟೆನಾ" ಅಂತ ಗೋಡೆ ಕಡೆ ತಿರುಗಿ ಮಲಗಿದರು. ಹಾಗಾಗಿ ಒಂದೂವರೆ ವರ್ಷ ಆ ತೋಟವನ್ನು ಅವರು ಕಣ್ಣಲ್ಲಿ ಕಂಡಿರಲಿಲ್ಲ. ನಾನು ನಡೆದು ಹೋಗಿ ಬರುತ್ತಿದ್ದೆ. ಮೊದಮೊದಲು "ಹೆಂಗೈತೆ?" ಅಂತ ಕೇಳುತ್ತಿದ್ದವರು ಆಮೇಲೆ ಅದನ್ನೂ ಬಿಟ್ಟರು.

ಆ ತೋಟ ನಮಗೆ ಹಿರಿಯರಿಂದ ಬಂದದ್ದಲ್ಲ. ಬೋಳು ಗುಡ್ಡದಲ್ಲಿ ನಾವಿಬ್ಬರೇ ಗುಂಡಿ ತೋಡಿ ತೆಂಗಿನ ಸಸಿ ಇಟ್ಟದ್ದು. ಬೋರು ಕೊರೆಸುವುದಕ್ಕೆ ಮುಂಚೆ ಎರಡು ಬೇಸಿಗೆ ಹಳ್ಳದಿಂದ ಬಿಂದಿಗೆ ಹೊತ್ತು ಒಂದೊಂದು ಸಸಿಗೂ ನೀರು ಹುಯ್ದವಳು ನಾನು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನಡೆದದ್ದಕ್ಕೆ ನನಗೆ ಮೈಯೆಲ್ಲಾ ಉರಿದದ್ದು ಸುಮ್ಮನೆ ಅಲ್ಲ ಅಂತ ತಿಳಿಯಲಿ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಅವರ ಚಿಕ್ಕಪ್ಪನ ಮಗ ಬಂದ. ವರಸೆಯಲ್ಲಿ ನನಗೆ ಮೈದುನ. ಗುಡ್ಡದಲ್ಲಿ ನಮ್ಮ ತೋಟದ ಪಕ್ಕದ್ದೇ ಅವನ ತೋಟ. ಮಂಚದ ಕಾಲ ಹತ್ತಿರ ಕೂತು, "ಅಣ್ಣಯ್ಯ, ಆ ತೋಟ ಹತ್ತು ವರ್ಷಕ್ಕೆ ನಂಗೆ ಗುತ್ತಿಗೆಗೆ ಬರ್ಕೊಟ್ಬುಡು. ಅತ್ಗೆ ಒಬ್ರೇ ಎಷ್ಟಂತ ಗುಡ್ಡ ಹತ್ತಾರು?" ಅಂದ.

ಇವರು ಸೂರು ನೋಡುತ್ತಾ, "ಕಾಗ್ದ ಬರೆಸ್ಕೊಂಡು ಬಾ. ಸೋಮವಾರ ಸೈನ್ ಹಾಕ್ತೀನಿ" ಅಂದುಬಿಟ್ಟರು. ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದ ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಲೋಟವನ್ನು ಮೈದುನನ ಮುಂದೆ ಕುಕ್ಕಿದ ರಭಸಕ್ಕೆ ಅರ್ಧ ಕಾಫಿ ಅವನ ಪಂಚೆಗೆ ಹೋಯಿತು.

ಅವನು ಹೋದ ಮೇಲೆ ಇವರಿಗೆ ಹೇಳಿದೆ. "ಒಂದ್ಸಲ ತೋಟ ನೋಡಿ, ಆಮೇಲೆ ಸೈನ್ ಹಾಕಿ."

"ಹೆಂಗ್ ಹೋಗ್ಲಿ?"

"ಜೀಪಲ್ಲಿ. ನಾನು ಓಡಿಸ್ತೀನಿ." ಮದುವೆಯಾದ ಹೊಸದರಲ್ಲಿ ಕೆರೆ ಬತ್ತಿದ್ದಾಗ ಅದರ ಅಂಗಳದಲ್ಲಿ ನನಗೆ ಡ್ರೈವಿಂಗ್ ಕಲಿಸಿದವರು ಅವರೇ.

"ಅದು ಸತ್ತೋಗೈತೆ ಕಣೇ. ಗುಜರಿಗೆ ಹಾಕ್ಬುಡು. ಬಾನೆಟ್ ಮಾತ್ರ ಎತ್ಬ್ಯಾಡ."

ಆ ಕೊನೆಯ ಮಾತು ಸ್ವಲ್ಪ ವಿಚಿತ್ರವಾಗಿ ಕೇಳಿಸಿತು. ಗುಜರಿಗೆ ಹಾಕೋ ಗಾಡಿಯ ಬಾನೆಟ್ ಎತ್ತಿದರೆ ಇವರ ಗಂಟೇನು ಹೋಗುತ್ತೆ? ಆದರೆ ಸಿಟ್ಟಿನಲ್ಲಿ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಮಾರನೆ ದಿನ ಬ್ಯಾಟರಿ ಚಾರ್ಜ್ ಮಾಡಿಸಿ, ಒಬ್ಬ ಮೆಕ್ಯಾನಿಕ್ಕನ್ನೂ ಕರೆಸಿದೆ. ಅವನು ಸೆಲ್ಫ್ ಹೊಡೆದ. ಇಂಜಿನ್ನು ಗರಗರ ತಿರುಗಿತು, ಬಿಳಿ ಹೊಗೆ ಕಕ್ಕಿತು, ಹತ್ತಲಿಲ್ಲ. "ನಾಜಲ್ ಹೋಗವೆ" ಅಂದ. ನಾಜಲ್ ಅಂದರೆ ಡೀಸೆಲ್ಲನ್ನು ಇಂಜಿನ್ನೊಳಕ್ಕೆ ಸಣ್ಣ ತುಂತುರಾಗಿ ಉಗುಳುವ ಗೇಣುದ್ದದ ಉಕ್ಕಿನ ಸಾಮಾನು. ಓದಿದವರು ಇಂಜೆಕ್ಟರ್ ಅಂತಾರೆ. ನಮ್ಮ ಜೀಪಿಗೆ ನಾಲ್ಕು. ಬಾಯಿ ಕಟ್ಟಿದರೆ ತುಂತುರು ಬರಲ್ಲ, ಹನಿ ಬೀಳುತ್ತೆ. ಹನಿಗೆ ಬೆಂಕಿ ಹತ್ತಲ್ಲ.

"ಬಿಚ್ಚಿ, ಹೊಸದು ಹಾಕಿ" ಅಂದೆ.

"ಹಳೇ ಗಾಡಿ ಅಕ್ಕ. ಕಿತ್ರೆ ಇಂಜಿನ್ ಹೆಡ್ಡೇ ಹೋಗ್ತದೆ. ಯಜಮಾನ್ರನ್ನ ಕರೀರಿ, ರೇಟ್ ಮಾತಾಡ್ತೀನಿ, ನಾನೇ ತಗೊಂಡೋಗ್ತೀನಿ."

"ನಿಮ್ಮನ್ನ ಕರೆಸಿದೋಳು ನಾನು. ಮಾತು ನನ್ನ ಹತ್ರ ಆಡಿ."

"ಬ್ಯಾಸರ ಮಾಡ್ಕಬ್ಯಾಡಿ. ಇದು ಹೆಂಗಸ್ರು ಕೆಲಸ ಅಲ್ಲ" ಅಂತ ನಕ್ಕ.

ಬಂದ ದಾರಿ ಹಿಡೀರಿ ಅಂದೆ. ಅವನ ನಗು ನನಗೆ ದೊಡ್ಡ ಉಪಕಾರ ಮಾಡಿತು. ಅಲ್ಲಿಯವರೆಗೆ ನನಗೇ ಅನುಮಾನವಿತ್ತು. ಅವನು ನಕ್ಕ ಮೇಲೆ ಅನುಮಾನ ಹೋಗಿ ಹಟ ಕೂತಿತು.

ನನಗೇನೂ ಗೊತ್ತಿಲ್ಲ ಅಂತಲ್ಲ. ಮೂವತ್ತು ವರ್ಷ ಇವರು ಬಾನೆಟ್ ಒಳಗೆ ತಲೆ ತೂರಿಸಿ ಕೈ ಚಾಚಿದಾಗೆಲ್ಲ ಸ್ಪ್ಯಾನರ್ ಕೊಟ್ಟವಳು ನಾನು. ಹದಿನೇಳು ಅಂದರೆ ಹದಿನೇಳು, ಹದಿಮೂರು ಅಂದರೆ ಹದಿಮೂರು. ನಾಜಲ್ ಬಿಚ್ಚಿದ್ದನ್ನು ಎರಡು ಸಲ ಪಕ್ಕದಲ್ಲೇ ನಿಂತು ನೋಡಿದ್ದೆ. ಸೀರೆ ಬದಲು ನೈಟಿ ಹಾಕಿ, ಮೇಲೊಂದು ಇವರ ಹಳೇ ಶರ್ಟು ತೊಟ್ಟು, ಬಾನೆಟ್ ಎತ್ತಿದೆ. ಜಗಲಿಯಿಂದ "ಬ್ಯಾಡ ಅಂದ್ನಲ್ಲೇ" ಅಂತ ಕೂಗಿದರು. ಕೇಳಿಸದವಳ ಹಾಗೆ ಇದ್ದೆ.

ಮೊದಲು ಸುತ್ತ ಇದ್ದ ಮಣ್ಣೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆದೆ, ಒಳಗೆ ಒಂದು ಕಣ ಬಿದ್ದರೂ ಕೆಟ್ಟಿತು. ಡೀಸೆಲ್ ಪೈಪುಗಳನ್ನು ಬಿಚ್ಚಿ ಬಾಯಿಗೆ ಬಟ್ಟೆ ಕಟ್ಟಿದೆ. ನಾಜಲ್ಲುಗಳ ಬುಡಕ್ಕೆ ಸೀಮೆಎಣ್ಣೆ ಹುಯ್ದು ಒಂದು ದಿನ ಹಾಗೇ ಬಿಟ್ಟೆ. ಶುಕ್ರವಾರ ಬೆಳಿಗ್ಗೆ ಅತ್ತ ಇತ್ತ ಒಂದೊಂದು ನೂಲಿನಷ್ಟು ತಿರುಗಿಸುತ್ತಾ ಕೂತೆ. ಮೊದಲನೆಯದು ಬರುವ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ನಾಲ್ಕನೆಯದು ಬರುವ ಹೊತ್ತಿಗೆ ಮಧ್ಯಾಹ್ನ. ಹೆಡ್ಡಿಗೆ ಏನೂ ಆಗಿರಲಿಲ್ಲ.

ಕೈಯಲ್ಲಿ ಹಿಡಿದು ನೋಡಿದರೆ ನಾಲ್ಕರ ತುದಿಗೂ ಕಪ್ಪು ಅಂಟು. ಉಗುರಲ್ಲಿ ಕೆರೆದು ಮೂಸಿದೆ. ಕೊಬ್ಬರಿ ವಾಸನೆ. ಮತ್ತೊಂದು ಮೂಸಿದೆ. ಅದೂ ಕೊಬ್ಬರಿಯೇ, ಅದೂ ಮುಗ್ಗಲು ಕೊಬ್ಬರಿ. ಟ್ಯಾಂಕಿನ ತಳದ ನಟ್ಟು ಬಿಚ್ಚಿ ಕೆಳಗೆ ಬಾಂಡಲಿ ಇಟ್ಟೆ. ಡೀಸೆಲ್ಲು ಇಳಿದ ಹಿಂದೆಯೇ ಬೆಳ್ಳಗೆ ಗಟ್ಟಿಯಾದದ್ದು ಗಡ್ಡೆ ಗಡ್ಡೆ ಬಿತ್ತು. ಪುಷ್ಯದ ಚಳಿಯಲ್ಲಿ ನಮ್ಮ ಮನೆಗಳಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಬಿಸಿಲಿಗಿಡದೆ ಒಂದು ಹನಿ ಬರಲ್ಲ. ಅದೇ ಎಣ್ಣೆ ಇಲ್ಲಿ ಕೂತಿತ್ತು.

ಒಂದು ನಾಜಲ್ಲು ಹಿಡಿದು ಜಗಲಿಗೆ ಹೋಗಿ ಅವರ ಮೂಗಿನ ಹತ್ತಿರ ಇಟ್ಟೆ. "ಏನ್ರೀ ಇದು?"

ಗೋಡೆ ನೋಡುತ್ತಾ ಹೇಳಿದರು. "ಆ ವರ್ಷ ಮುಗ್ಗಲು ಕೊಬ್ರಿ ಉಳ್ಕೊಂಡಿತ್ತಲ್ಲ, ಯಾರೂ ಕೊಳ್ಳಲಿಲ್ಲ. ಗಾಣಕ್ಕೆ ಹಾಕಿಸ್ದೆ. ಡೀಸೆಲ್ ಜೊತೆ ಬೆರೆಸಿದ್ರೆ ಓಡ್ತದೆ ಅಂತ ಯಾರೋ ಅಂದ್ರು. ಓಡ್ತು ಕಣೇ. ಬ್ಯಾಸ್ಗೇಲಿ ಚೆನ್ನಾಗೇ ಓಡ್ತು. ಮಳೆ ಹಿಡಿದ್ಮೇಲೆ ಹೊಗೆ ಕಕ್ಕೋಕೆ ಶುರುವಾಯ್ತು."

ಎರಡು ಟಿನ್ನು ಎಣ್ಣೆ ಕಾಣೆಯಾದಾಗ, ತಂಗಿಗೆ ಕದ್ದು ಕೊಟ್ಟಿದ್ದಾರೆ ಅಂದುಕೊಂಡು ಪಾಪ ಆ ನಾದಿನಿಯನ್ನು ನಾನು ಮನಸ್ಸಿನಲ್ಲಿ ಬೈಯದ ದಿನವಿರಲಿಲ್ಲ. ನನಗೆ ನಗು ಬಂತು. ಜೀಪಿಗೆ ಎಣ್ಣೆ ಹಚ್ಚಿ ತಲೆ ಬಾಚುವುದೊಂದು ಬಾಕಿ ಇಟ್ಟಿದ್ದರು.

"ಅದಕ್ಕೇನಾ ಬಾನೆಟ್ ಎತ್ಬ್ಯಾಡ ಅಂದಿದ್ದು?"

"ಊರೋರಿಗೆ ಗೊತ್ತಾದ್ರೆ ನಗ್ತಾರೆ. ಗಾಡಿ ವಿಷ್ಯ ಕೇಳೋಕೆ ಎಲ್ರೂ ನನ್ನತ್ರ ಬರೋರು. ನಾನೇ ಕೈಯಾರೆ ಕೆಡಿಸ್ದೆ ಅಂತ..."

ಆಗ ನನ್ನ ನಗು ಹೋಗಿ ಸಿಟ್ಟು ನೆತ್ತಿಗೇರಿತು. "ನಾಲ್ಕು ಜನ ನಗೋದು ತಪ್ಪಿಸ್ಕಳ್ಳೋಕೆ ನಾನು ನೀರು ಹೊತ್ತ ತೋಟನ ಬರ್ಕೊಡ್ತೀರಾ? ನಿಮ್ಮ ಸೊಂಟ ಮುರಿದಿದ್ದಕ್ಕೆ ಅತ್ತೆ, ಸೇವೆ ಮಾಡ್ದೆ. ಇದಕ್ಕೆ ಮಾತ್ರ ಕ್ಷಮಿಸಲ್ಲ ಕಣ್ರೀ" ಅಂದೆ. ಅಂದವಳೇ ಒಳಗೆ ಹೋಗಿ ಅತ್ತೆ. ಅವರಿಗೆ ಕೇಳಿಸುವ ಹಾಗೇ ಅತ್ತೆ.

ಶನಿವಾರ ಬೆಳಿಗ್ಗೆ ತಿಪಟೂರಿನ ಬಸ್ಸಿಗೆ ಹೊರಟಾಗ ಮಂಚದಿಂದ ದನಿ ಬಂತು. "ತಾಮ್ರದ ವಾಷರ್ರು ನಾಲ್ಕು ಬೇರೆ ತಗೋ. ಫಿಲ್ಟರ್ರೂ ಹೊಸದು ತಾ." ನನ್ನ ಸಿಟ್ಟು ಇಳಿದಿರಲಿಲ್ಲ. ಆದರೆ ಬರೆದುಕೊಂಡೆ.

ತಿಪಟೂರಿನ ಅಂಗಡಿಯವನು ಹಳೆಯದನ್ನು ಹಿಡಿದು ನೋಡಿ, ಹೊಂದುವ ನಾಲ್ಕು ನಾಜಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ ನನ್ನ ಕಣ್ಣ ಮುಂದೆಯೇ ತುಂತುರು ಬರಿಸಿ ತೋರಿಸಿದ. ಯಜಮಾನರೆಲ್ಲಿ ಅಂತ ಕೇಳಲಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಗೌರವ ಇದೆ.

ಭಾನುವಾರ ನಾನು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಇವರು ಊರುಗೋಲು ಊರಿಕೊಂಡು ಬಂದು ಜೀಪಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕಾಲ ಹತ್ತಿರ ಒಂದು ಬಾಣಲೆಯಲ್ಲಿ ಕಾಯಿ ಚಿಪ್ಪಿನ ಕೆಂಡ. ತಾಮ್ರದ ವಾಷರನ್ನು ಆ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಚೆನ್ನಾಗಿ ಕಚ್ಚಿಕೊಳ್ಳುತ್ತೆ ಅನ್ನುವುದು ಅವರ ಹಳೇ ವಿದ್ಯೆ. ಇಕ್ಕಳದಲ್ಲಿ ಒಂದೊಂದೇ ಕಾಯಿಸಿ ಕೊಟ್ಟರು. ಟ್ಯಾಂಕು ತೊಳೆದದ್ದು, ಪೈಪು ಊದಿದ್ದು, ನಾಜಲ್ಲು ಕೂರಿಸಿ ಬಿಗಿದದ್ದು ನಾನು. ಈ ಸಲ ಕೈ ಚಾಚಿದವಳು ನಾನು, ಸ್ಪ್ಯಾನರ್ ಕೊಟ್ಟವರು ಅವರು. ಎರಡು ಸಲ ತಪ್ಪು ಸ್ಪ್ಯಾನರ್ ಕೊಟ್ಟರು, ನಾನು ಬೈದೆ.

ಪೈಪಿನಲ್ಲಿದ್ದ ಗಾಳಿ ತೆಗೆದು ಸೆಲ್ಫ್ ಹೊಡೆದೆ. ಮೂರನೇ ಸಲಕ್ಕೆ ಹತ್ತಿತು. ಆದರೆ ಕುಂಟುತ್ತಿತ್ತು. "ಆಯ್ತಲ್ಲ, ಓಡ್ತದೆ ಬುಡು" ಅಂದರು. ನಾನು ಬಿಡಲಿಲ್ಲ. ಅಟ್ಟದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇನ್ನೂ ನೀರಿದೆಯೋ ಅಂತ ಸದ್ದಿನಲ್ಲೇ ಹೇಳುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಆ ಕಿವಿಯನ್ನು ಇಲ್ಲಿ ಕೊಟ್ಟೆ. ಓಡುತ್ತಿದ್ದ ಇಂಜಿನ್ನಿನ ಪೈಪ್ ನಟ್ಟುಗಳನ್ನು ಬಟ್ಟೆ ಸುತ್ತಿ ಒಂದೊಂದಾಗಿ ಸಡಿಲ ಮಾಡಿ ಬಿಗಿದೆ. ಸಡಿಲವಾದರೆ ಆ ನಾಜಲ್ಲಿಗೆ ಡೀಸೆಲ್ ಸಿಗಲ್ಲ, ಅದು ಕೆಲಸ ಮಾಡುತ್ತಿದ್ದರೆ ಇಂಜಿನ್ ಸದ್ದು ಬದಲಾಗಬೇಕು. ಒಂದು, ಎರಡು, ನಾಲ್ಕು ಸಡಿಲಿಸಿದಾಗ ಸದ್ದು ಇಳಿಯಿತು. ಮೂರಕ್ಕೆ ಏನೂ ಬದಲಾಗಲಿಲ್ಲ. ಕೆಲಸ ಮಾಡದವನು ಮೂರನೆಯವನು. ಆಫ್ ಮಾಡಿ, ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದರೆ ಗುಳಿಯ ತಳದಲ್ಲಿ ಹಳೇ ವಾಷರ್ ಮಸಿಯೊಳಗೆ ಅಂಟಿಕೊಂಡೇ ಇತ್ತು. ನಾನು ತೆಗೆಯುವುದು ಮರೆತು ಅದರ ಮೇಲೇ ಹೊಸದು ಹಾಕಿದ್ದೆ. ತಪ್ಪು ನನ್ನದೇ. ತಂತಿ ಬಗ್ಗಿಸಿ ಅದನ್ನು ಎಬ್ಬಿಸಿ ತೆಗೆದು ಮತ್ತೆ ಜೋಡಿಸಿದೆ. ಈ ಸಲ ಸಮನಾಗಿ ಓಡಿತು. ಇವರು ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕೂತರು.

ಸೋಮವಾರ ಮಧ್ಯಾಹ್ನ ಅವರನ್ನು ಎಡಗಡೆ ಸೀಟಿಗೆ ಹತ್ತಿಸಿ, ಬೆನ್ನಿಗೆ ದಿಂಬು ಕೊಟ್ಟು ಹೊರಟೆ. ಹಳ್ಳದಲ್ಲಿ ಗೇರನ್ನು ನಾಲ್ಕೂ ಚಕ್ರಕ್ಕೆ ಹಾಕಿದೆ. ಏರಿನಲ್ಲಿ ಕಲ್ಲು ಬಂದಾಗೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ತೋಟದೊಳಗೆ ಮೊದಲನೇ ಸಾಲಿನ ಪಕ್ಕ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಅವರು ಸುತ್ತ ನೋಡಿದರು, ಮೇಲೆ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇಷ್ಟೆಲ್ಲ ಮಾಡಿಯೂ, ಸಾಕು ಕೊಟ್ಟುಬಿಡೋಣ ಅಂದರೆ?

"ಆ ಮೂಲೆ ಗಿಡಕ್ಕೆ ಪಾತಿನೇ ಮಾಡ್ಸಿಲ್ವಲ್ಲೇ" ಅಂದರು. "ಒಣಗರಿ ಹಂಗೇ ಜೋತಾಡ್ತಾವೆ. ಏನ್ ಮಾಡ್ತಿದ್ದೆ ಇಷ್ಟ್ ದಿವ್ಸ?"

ಒಂದೂವರೆ ವರ್ಷದ ಮೇಲೆ ತೋಟದ ವಿಷಯಕ್ಕೆ ನನ್ನನ್ನು ಬೈದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. "ನಾಳೆ ನೀವೇ ಬಂದು ಮಾಡ್ಸಿ, ಕರ್ಕೊಂಡ್ ಬತ್ತೀನಿ" ಅಂದೆ. ಆಯ್ತು ಅಂತ ತಲೆಯಾಡಿಸಿದರು.

ವಾಪಸ್ಸು ಬಂದಾಗ ಮೈದುನ ಜಗಲಿಯಲ್ಲಿ ಕಾಗದ ಹಿಡಿದು ಕಾಯುತ್ತಿದ್ದ. ಜೀಪು ನೋಡಿ ಎದ್ದು ನಿಂತ. ಹತ್ತಿರ ಬಂದು ಕಾಗದವನ್ನು ಇವರ ಕಡೆ ಚಾಚಿದ. ಇವರು ಮುಟ್ಟಲಿಲ್ಲ.

"ಅವಳ್ನ ಕೇಳು" ಅಂದರು.

"ಅತ್ಗೆನಾ?"

"ಹೂಂ ಕಣ್ಲಾ. ಆ ತೋಟಕ್ಕೆ ನೀರು ಹೊತ್ತೋಳು ಅವ್ಳು. ಈ ಗಾಡಿ ರಿಪೇರಿ ಮಾಡ್ದೋಳೂ ಅವ್ಳೇ. ನಾನು ಟ್ಯಾಂಕಿಗೆ ಕೊಬ್ರಿ ಎಣ್ಣೆ ಹುಯ್ದು ಕೆಡಿಸ್ದೋನು." ಅಂತ ಶುರು ಮಾಡಿ, ಮುಗ್ಗಲು ಕೊಬ್ಬರಿಯಿಂದ ಹಿಡಿದು ಬಾಂಡಲಿಗೆ ಬಿದ್ದ ಗಡ್ಡೆಯವರೆಗೆ ಒಂದೂ ಬಿಡದೆ ಅವರೇ ಹೇಳಿದರು. ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯ ಹೊತ್ತಿಗೆ ಊರೆಲ್ಲ ನಕ್ಕಿತು. ಇವರೂ ಜಗಲಿಯಲ್ಲಿ ಕೂತು ಬಂದವರ ಜೊತೆ ನಕ್ಕರು.

ಕಾಗದವನ್ನು ನಾನೇ ಈಸಿಕೊಂಡೆ. ಕೊಡಲ್ಲ ಅಂತ ಮೈದುನನಿಗೆ ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಮಾರನೆ ದಿನ ತೋಟಕ್ಕೆ ಹೊರಡುವ ಮುಂಚೆ ಇಂಜಿನ್ನಿನ ಎಣ್ಣೆ ಮಟ್ಟ ನೋಡಲು ಕಡ್ಡಿ ಎಳೆದೆ, ಒರೆಸಲು ಬಟ್ಟೆ ಸಿಗಲಿಲ್ಲ. ಆ ಗುತ್ತಿಗೆ ಕಾಗದ ಸೀಟಿನ ಮೇಲೇ ಇತ್ತು, ಅದರಲ್ಲೇ ಒರೆಸಿದೆ.